ಹುಣಸೆಯ ನೆಂಟನೋ, ಏಲಕ್ಕಿಯ ನೆಂಟನೋ

ವೆನಿಲಾ ಕಾಯಿಯ ಪರಿಮಳವನ್ನು ಪೂರ್ತಿ ತೆಗೆಯುವುದು ಹೇಗೆಂದು ಕೇಳಿದರೆ, ಗೊತ್ತು ಎಂದೂ ಹೇಳಲಾರೆ, ಗೊತ್ತಿಲ್ಲ ಎಂದೂ ಹೇಳಲಾರೆ. ನಮ್ಮ ಮನೆಯಲ್ಲಿ ಅದು ಪೂರ್ತಿಯಾಗಿಯೇ ಬಂದಿತ್ತು. ಬಂದದ್ದು ನಮಗೆ ತಿಳಿಯಲಿಲ್ಲ, ಅಷ್ಟೇ.

ಕಾಯಿ ತಂದವನು ನನ್ನ ಹೆಂಡತಿ ಶಿವಮ್ಮನ ಅಣ್ಣ ಮಲ್ಲಣ್ಣ. ಬಿಳಿಗಿರಿರಂಗನ ಬೆಟ್ಟದ ಕಾಫಿ ತೋಟವೊಂದರಲ್ಲಿ ಅವನು ಲೆಕ್ಕ ಬರೆಯುವ ರೈಟರ್. ಅವನ ಗೃಹಪ್ರವೇಶದಲ್ಲಿ ಇವಳು ನಾಲ್ಕು ಜನರ ಮುಂದೆ, "ಪಾಯ್ಸಕ್ಕೆ ಏಲಕ್ಕಿ ತೋರ್ಸಿ ತಗದ್ಬುಟ್ಟವ್ರೆ" ಎಂದಿದ್ದಳು. ಅಂದಿನಿಂದ ಗೌರಿ ಹಬ್ಬಕ್ಕೆ ತವರಿನ ಬಾಗಿನ ಯಳಂದೂರಿನ ನಮ್ಮ ಮನೆಗೆ ಬರುವುದು ನಿಂತಿತು. ಶಿವಮ್ಮ ಅದರ ಮಾತೆತ್ತುತ್ತಿರಲಿಲ್ಲ. ಆದರೆ ಹಬ್ಬದ ದಿನ ಅಡುಗೆಮನೆಯಲ್ಲಿ ಪಾತ್ರೆಗಳ ಸದ್ದು ಜಾಸ್ತಿಯಾಗುತ್ತಿತ್ತು.

ಆ ವರ್ಷ ಹಬ್ಬಕ್ಕೆ ಇನ್ನೂ ತಿಂಗಳಿರುವಾಗ ಅವನೇ ಬಂದ. ಒಳಗೆ ಕಾಲಿಡದೆ, ಜೇಬಿನಿಂದ ಒಂದು ಪೊಟ್ಟಣ ತೆಗೆದು ಜಗಲಿಯ ಮೇಲಿಟ್ಟ. ಅದರಲ್ಲಿ ಮೂರು ಕರಿಯ, ಸುಕ್ಕಿದ ಕಡ್ಡಿಗಳು.

"ವೆನಿಲಾ ಅಂತಾರೆ ಕಣಮ್ಮಿ. ನಮ್ ದೊರೆ ಆಸೆಗೆ ಒಂದ್ ಬಳ್ಳಿ ಅಬ್ಸವ್ರೆ. ಗೌರಿ ಅಬ್ಬಕ್ಕೆ ಬತ್ತೀನಿ, ಇದ್ರಲ್ಲಿ ಪಾಯ್ಸ ಮಾಡಿರು. ಗಮ್ ಅಂದ್ರೆ ಬಾಗ್ನ. ಇಲ್ದಿದ್ರೆ ಬಂದ್ ದಾರೀಲೆ ಓಯ್ತೀನಿ."

"ಗಮ್ ಅನ್ದೆ ಏನು? ನಾನೇನ್ ನಿನ್ನೆಂಡ್ತಿಯಾ?" ಎಂದಳು ಶಿವಮ್ಮ.

ಹೀಗಂದ ಮೇಲೆ ಮಾಡುವ ಕ್ರಮವನ್ನು ಅವನನ್ನು ಕೇಳುವುದಾದರೂ ಹೇಗೆ? ಮೂಸಿ ನೋಡಿದೆವು. ಅವನ ಜೇಬಿನ ನಶ್ಯದ ಡಬ್ಬಿಯೇ ಮೂಗಿಗೆ ಬಡಿಯಿತು. ವೆನಿಲಾದ ಸ್ವಂತ ವಾಸನೆ ಯಾವುದು? ಮುಖವನ್ನೇ ಕಾಣದ ನೆಂಟನನ್ನು ಕರೆತರಲು ಬಸ್ ಸ್ಟ್ಯಾಂಡಿಗೆ ಹೋದವರ ಪಾಡು ನಮ್ಮದಾಯಿತು.

ಮೀಸೆ ಬಂದ ಮೇಲೆ ಸ್ಕೂಲು ಮುಗಿಸಿದವನು ನಾನು. ಯಾವ ವಸ್ತುವಾದರೂ ಅದು ಯಾವ ಗುಂಪಿನದೆಂದು ತಿಳಿಯುವವರೆಗೆ ನನಗೆ ಸಮಾಧಾನವಿಲ್ಲ. ಅಡುಗೆಮನೆಯಲ್ಲಿ ಹುಣಸೆಯದು ಒಂದು ಬಳಗ: ಬೀಜ ಕಸಕ್ಕೆ, ರಸ ಸಾರಿಗೆ. ಏಲಕ್ಕಿಯದು ಅದಕ್ಕೆ ಪೂರಾ ಉಲ್ಟಾ. ಇನ್ನು ನುಗ್ಗೆಕಾಯಿ, ಅದನ್ನು ಚೀಪಿ ಉಗಿಯಬೇಕು. ಈ ಕರಿಯ ಕಡ್ಡಿ ಯಾರ ನೆಂಟ?

ಶಿವಮ್ಮ ಹುಣಸೆ ಎಂದಳು. ಒಂದನ್ನು ಬಿಸಿನೀರಲ್ಲಿ ನೆನೆಸಿ, ಕಿವುಚಿ ಹಿಂಡಿದಳು. ಮರಳಿನಂಥ ಕರಿ ಚುಕ್ಕೆಗಳು ಬಂದವು. "ಥೂ, ದೂಳು" ಎಂದು ಬಟ್ಟೆಯಲ್ಲಿ ಸೋಸಿ ಚೆಲ್ಲಿದಳು. ಉಳಿದ ನೀರು ಹಾಕಿದ ಪಾಯಸಕ್ಕೆ ನೀರಿನ ರುಚಿ ಬಂತು. ನಾನು ನುಗ್ಗೆಯ ಪಕ್ಷ. ಎರಡನೆಯದನ್ನು ಹುಳಿಯಲ್ಲಿ ಹಾಕಿಸಿ ಚೀಪಿದೆ. ಚಪ್ಪಲಿಯ ಬಾರು ಚೀಪಿದ ಅನುಭವ ನನಗಿಲ್ಲ, ಆದರೆ ಹೋಲಿಕೆ ಹೊಳೆದದ್ದು ಅದೇ. ಮೂರನೆಯದನ್ನು ಏಲಕ್ಕಿಯ ಲೆಕ್ಕದಲ್ಲಿ ಉದ್ದಕ್ಕೆ ಸೀಳಿ ಕೆರೆದೆವು. ಅಂಟು ಚಾಕುವಿಗೆ ಹತ್ತಿತು. ನೀವೇ ಊಹಿಸಿ, ಚಾಕುವನ್ನು ಚೆನ್ನಾಗಿ ತೊಳೆದೆವು.

"ಸಿಪ್ಪೆ ಬಿಸಾಕ್ಬ್ಯಾಡಿ ಕಣ್ರಪ್ಪಾ" ಎಂದು ನಮ್ಮವ್ವ ಒಳಗಿನಿಂದ ಕೂಗುತ್ತಲೇ ಇದ್ದಳು. ಅವ್ವ ಯಾವುದನ್ನೂ ಬಿಸಾಡಗೊಡುವವಳಲ್ಲ. ನಾವು ಕಿವಿಗೆ ಹಾಕಿಕೊಳ್ಳಲಿಲ್ಲ.

ಹಬ್ಬಕ್ಕೆ ವಾರವಿರುವಾಗ ಇನ್ನೊಂದು ತಾಪತ್ರಯ. ನಾನು ಸಕ್ಕರೆ ಹಾಕಿ ಕುಡಿಯುವ ಹಾಲಿನಲ್ಲಿ ಏನೋ ವಾಸನೆ. ಹೂವಿನದೋ, ಸೋಪಿನದೋ ತಿಳಿಯದು. "ಚೊಂಬು ತೊಳ್ದಿದ್ದೀಯಾ?" ಎಂದು ಕೇಳಿ ಬೈಸಿಕೊಂಡೆ. ದಿನವೂ ಆ ಹಾಲನ್ನು ಗುಟ್ಟಾಗಿ ಎಮ್ಮೆಯ ಕಲಗಚ್ಚಿಗೆ ಸುರಿದೆ.

ಹಬ್ಬದ ದಿನ ಮಲ್ಲಣ್ಣ ಕೈಚೀಲ ಹಿಡಿದು ಬಂದ. ಚೀಲದ ಬಾಯಲ್ಲಿ ಮೊರದ ಅಂಚು ಕಾಣುತ್ತಿತ್ತು. "ಬರೀ ಸಕ್ರೆ ಪಾಯ್ಸ ಕಣ್ರೀ. ಏಲಕ್ಕಿ ಆಕುದ್ರೆ ಕಳ್ಳತ್ನ ಗೊತ್ತಾಯ್ತದೆ" ಎಂದು ಪಿಸುಗುಟ್ಟಿದ ಶಿವಮ್ಮ, ಬಡಿಸಿ ಗೋಡೆಗೆ ಒರಗಿದಳು. ಅವಳ ಕಣ್ಣು ಚೀಲದ ಮೇಲೆಯೇ.

ಅವನು ಒಂದು ಗುಟುಕು ಕುಡಿದ. ಲೋಟವನ್ನು ಮೂಗಿಗೆ ಹಿಡಿದ.

"ಎಂಗ್ ಮಾಡ್ದೆ ಅಮ್ಮಿ? ದೊರೆ ಮನೇಲೂ ಇಂಗ್ ಬರಾಕಿಲ್ವಲ್ಲ!"

ಶಿವಮ್ಮ ನನ್ನನ್ನು ನೋಡಿದಳು. ನಾನು ಸೂರು ನೋಡಿದೆ. ಅವನು ಎದ್ದು ಬಾಗಿನದ ಮೊರವನ್ನು ತಂಗಿಯ ಕೈಗಿಟ್ಟ. ಅವಳು ಸೆರಗಿನಲ್ಲಿ ಮುಖ ಒರೆಸಿಕೊಂಡು, "ಅತ್ಗೇನೂ ಕರ್ಕಬರ್ದಿತ್ತಾ?" ಎಂದಳು.

ಆಗ ಅವ್ವ ಬಾಯಿಬಿಟ್ಟಳು: "ಅಯ್ಯೋ, ನೀವ್ ಕೆರ್ದು ಬಿಸಾಕಿದ್ ಸಿಪ್ಪೆ ಒಣುಗ್ಸಿ ಸಕ್ರೆ ಡಬ್ಬಕ್ಕಾಕಿದ್ನಲ್ಲ, ಏಲಕ್ಕಿ ಸಿಪ್ಪೆ ಆಕಂಗೆ."

ಅವ್ವನಿಗೂ ಅದರ ಗುಣ ಗೊತ್ತಿರಲಿಲ್ಲ. ಅಭ್ಯಾಸಬಲ. ಹಿಂಡಿದಾಗ, ಬೇಯಿಸಿದಾಗ, ಕೆರೆದಾಗ ಬಾರದ್ದು, ಮುಚ್ಚಳ ಹಾಕಿ ಮರೆತಾಗ ತಾನೇ ಬಂತು. ಅಣ್ಣತಂಗಿಯರ ವಿಷಯವೂ ಹೀಗೆಯೋ ಏನೋ. ಅಷ್ಟು ದೊಡ್ಡ ಮಾತು ನನಗೆ ತಿಳಿಯದು. ನನ್ನ ತಲೆಯಲ್ಲಿ ಉಳಿದಿರುವುದು ಆ ವಾರವಿಡೀ ಕಲಗಚ್ಚಿನ ಬಾನಿಯನ್ನು ತಳ ಕಾಣುವವರೆಗೆ ನೆಕ್ಕಿ, ಇನ್ನೂ ಇದೆಯೇ ಎಂಬಂತೆ ನನ್ನನ್ನೇ ನೋಡುತ್ತಿದ್ದ ಎಮ್ಮೆ. ನಮ್ಮ ಮನೆಯಲ್ಲಿ ವೆನಿಲಾದ ಮುಖ ಗುರುತಿಸಿದ್ದು ಅದೊಂದೇ.