ಮೇಷ್ಟ್ರ ಮಾತಿನ ಉಳಿದರ್ಧ

“ನಮ್ಮ ವಿಚಾರ ಕೂಟ ಒಡೆದದ್ದು ನಂಜುಂಡಯ್ಯ ಮೇಷ್ಟ್ರಿಂದ. ಸಂಪ್ರದಾಯವಾದಿ ಎಂದು ಹೇಳಿಕೊಂಡು ನಮ್ಮ ನಡುವೆ ಕುಳಿತಿದ್ದ ಆ ಮನುಷ್ಯನಿಗೆ ಒಳಗೊಳಗೆ ಸಂಪ್ರದಾಯದ ಮೇಲೆ ನಂಬಿಕೆಯೇ ಇರಲಿಲ್ಲ.” ಚಂದ್ರಾ ಲೇಔಟಿನ ಉದ್ಯಾನದಲ್ಲಿ ಭಾನುವಾರ ಸೇರುವ ಹಿರಿಯರಲ್ಲಿ ಯಾರನ್ನು ಕೇಳಿದರೂ ಇಂದಿಗೂ ಇದನ್ನೇ ಹೇಳುತ್ತಾರೆ. ಇದು ಸುಳ್ಳು. ನನಗೆ ಹೇಗೆ ಗೊತ್ತೆಂದರೆ — ಇದನ್ನು ಹುಟ್ಟಿಸಿದವನು ನಾನೇ.

ನನ್ನ ಹೆಸರು ರಂಗಪ್ಪ. ಕಾರ್ಖಾನೆಯಲ್ಲಿ ಲೇತ್ ಯಂತ್ರದ ಮುಂದೆ ನಿಂತು ಆಯುಷ್ಯ ಸವೆಸಿದವನು. ಶಾಲೆ ಏಳನೆಯ ತರಗತಿಗೇ ನಿಂತಿತು. ಮಿಕ್ಕ ಓದೆಲ್ಲ ರಾಜಾಜಿನಗರದ ಗ್ರಂಥಾಲಯದ ಬೆಂಚಿನ ಮೇಲೆ ಆದದ್ದು. ಯಾರು ಏನು ಹೇಳಿದರೂ “ಎಲ್ಲಿದೆ? ಯಾರು ನೋಡಿದ್ದಾರೆ?” ಎಂದು ಕೇಳುವುದು ನನ್ನ ಚಾಳಿ. ಆಧಾರವಿಲ್ಲದೆ ರಂಗಪ್ಪ ಬಾಯಿ ತೆರೆಯುವುದಿಲ್ಲ ಎಂಬ ಹೆಸರಿತ್ತು. ಆ ಹೆಸರನ್ನೇ ನಾನು ಆಯುಧ ಮಾಡಿಕೊಂಡೆ.

ಕೂಟದಲ್ಲಿದ್ದ ನಾವೆಲ್ಲರೂ ನಮ್ಮನ್ನು ಸಂಪ್ರದಾಯವಾದಿಗಳೆಂದೇ ಕರೆದುಕೊಳ್ಳುತ್ತಿದ್ದೆವು. ಆದರೆ ಆ ಒಂದು ಹೆಸರಿನ ಕೆಳಗೆ ಒಂದಕ್ಕೊಂದು ಒಗ್ಗದ ಪಂಥಗಳಿದ್ದವು. ಮೇಷ್ಟ್ರದು ಕಾಯುವ ಪಂಥ: ಹಿಂದಿನವರು ಕೈಗಿಟ್ಟದ್ದನ್ನು ಜೋಪಾನ ಮಾಡಿ ಮುಂದಿನವರಿಗೆ ದಾಟಿಸಬೇಕು, ನಮಗೆ ಅರ್ಥವಾಗಲಿಲ್ಲವೆಂದು ಯಾವುದನ್ನೂ ಕೀಳಬಾರದು, ಬದಲಾವಣೆ ಬೇಕಾದರೆ ನಿಧಾನವಾಗಿ, ಒಂದೊಂದಾಗಿ. ಕೂಟದ ಅಧ್ಯಕ್ಷರದು ಮರಳಿ ಕಟ್ಟುವ ಪಂಥ: ಕೈಗೆ ಬಂದದ್ದೇ ಕೆಟ್ಟುಹೋಗಿದೆ, ಅದನ್ನು ಸರಿಸಿ, ಅದಕ್ಕೂ ಹಿಂದಿದ್ದ ಶುದ್ಧವಾದದ್ದನ್ನು ಮತ್ತೆ ನಿಲ್ಲಿಸಬೇಕು. ಸರ್ಕಾರ ದೂರವಿದ್ದರೆ ಸಾಕು, ಉಳಿದದ್ದನ್ನು ಮಾರುಕಟ್ಟೆ ನೋಡಿಕೊಳ್ಳುತ್ತದೆ ಎನ್ನುವ ಒಂದಿಬ್ಬರೂ ಇದ್ದರು — ಅವರು ಕಾಫಿ ಬಂದ ಕೂಡಲೇ ಎರಡೂ ಕಡೆಗೆ ತಲೆಯಾಡಿಸುತ್ತಿದ್ದರು. ಎಲ್ಲರ ಬಾಯಲ್ಲೂ ‘ಪರಂಪರೆ’ ಎಂಬ ಒಂದೇ ಮಾತಿದ್ದುದರಿಂದ, ನಾವು ವಿರುದ್ಧ ದಿಕ್ಕಿಗೆ ನಡೆಯುತ್ತಿದ್ದೇವೆಂಬುದು ವರ್ಷಗಟ್ಟಲೆ ತಿಳಿಯಲಿಲ್ಲ.

ನಾನು ಮೇಷ್ಟ್ರ ಕಡೆಯವನು. ಹಾಗೆಂದು ಅವರೂ ನಂಬಿದ್ದರು.

ನಮ್ಮ ದಿಕ್ಕುಗಳು ಬೇರೆಯೆಂದು ತಿಳಿದದ್ದು ಶ್ರೀಗಂಧದ ಕಾವಲ್ ಕಡೆಯ ಮಾರಮ್ಮನ ಗುಡಿಯಿಂದ. ಬಡಾವಣೆಗಿಂತ ಮೊದಲೇ ಇದ್ದ ಗುಡಿ — ಒಂದು ಬೇವಿನ ಮರ, ಅದರ ಬುಡದಲ್ಲಿ ಒಂದು ಕಲ್ಲು. ಪೂಜೆ ಚಿಕ್ಕತಾಯಮ್ಮ ಎಂಬ ಹೆಂಗಸಿನದು. ಆ ಮನೆಯಲ್ಲಿ ಪೂಜೆಯ ಹಕ್ಕು ಅತ್ತೆಯಿಂದ ಸೊಸೆಗೆ ಇಳಿಯುತ್ತಿತ್ತು. ಮಂತ್ರವಿಲ್ಲ. ಕಲ್ಲನ್ನು ತೊಳೆಯುತ್ತ ಆಕೆ ದೇವಿಯೊಡನೆ ಜಗಳಕ್ಕಿಳಿಯುತ್ತಿದ್ದಳು: “ಎದ್ದಾ ತಾಯಿ? ಆ ಮಗೀಗೆ ಜ್ವರ ಬಿಡುಸ್ತೀನಿ ಅಂದಿದ್ದೆ, ಬಿಡುಸ್ದಾ? ಇಲ್ಲಾ ಮರ್ತು ಮಲ್ಗ್‌ಬುಟ್ಟಾ? ಮೊದ್ಲು ಕೆಲ್ಸ, ಆಮ್ಯಾಕೆ ಹೂವು.” ಮಗುವಿನ ಜ್ವರ ಇಳಿಯುವವರೆಗೆ ದೇವಿಗೆ ನಿಜವಾಗಿಯೂ ಹೂವಿಲ್ಲ! ಬೈಗುಳದ ಈ ಪೂಜೆಯನ್ನು ನೋಡಲೆಂದೇ ಜನ ಬಂದು ನಿಲ್ಲುತ್ತಿದ್ದರು.

ಅಧ್ಯಕ್ಷರಿಗೆ ಇದು ಸರಿಬರಲಿಲ್ಲ. ಆಗಮೋಕ್ತ ಪೂಜೆ, ಕಲಿತ ಅರ್ಚಕರು — ಇದೇ ಮೂಲ ಪದ್ಧತಿ ಎಂದು ಅವರ ವಾದ. ಬಡಾವಣೆಯವರ ಸಭೆ ಕರೆದರು.

ಸಭೆಗೆ ಮುಂಚೆ ಒಂದು ಬೆಳಿಗ್ಗೆ, ದರ್ಶಿನಿಯೊಂದರಲ್ಲಿ ಕಾಫಿ ಹಿಡಿದು ನಿಂತಿದ್ದಾಗ, ಮೇಷ್ಟ್ರನ್ನು ನನ್ನ ಚಾಳಿಯಂತೆ ಕೇಳಿದೆ — ಈ ಪೂಜೆ ಪುರಾತನವೆನ್ನಲು ಆಧಾರವೇನು?

“ಆಧಾರ ಇಲ್ಲ ಕಣ್ರೀ ರಂಗಪ್ಪ. ಆಯಮ್ಮನ ಅತ್ತೆಯ ಅತ್ತೆ ಶುರು ಮಾಡಿದ್ದು ಅಂತಾರೆ, ಅದರಾಚೆ ಏನೂ ಗೊತ್ತಿಲ್ಲ. ಆದ್ರೆ ನಾವು ಕಾಪಾಡೋದು ಅದು ಹಳೇದು ಅಂತ ಅಲ್ಲ, ನಮ್ಮನ್ನ ನಂಬಿ ಕೊಟ್ಟು ಹೋಗಿದಾರೆ ಅಂತ. ನಿಮ್ಮಪ್ಪನ್ನ ಅಪ್ಪ ಅನ್ನೋಕೆ ಮುಂಚೆ ಅವರು ಯಾವ ಶತಮಾನದವರು ಅಂತ ಕೇಳಿದ್ರಾ?”

“ಮೇಷ್ಟ್ರೇ, ರಿಟೈರಾದ್ರೂ ಪಾಠ ಬಿಡಲ್ಲ ನೀವು.”

“ನೀವು ಫೇಲಾಗೋದು ಬಿಟ್ರೆ ನಾನೂ ಬಿಡ್ತೀನಿ!”

ಇಬ್ಬರೂ ನಕ್ಕೆವು. ಆ ನಗೆ ನನ್ನಲ್ಲಿ ಪೂರ್ತಿ ನಗೆಯಾಗಿರಲಿಲ್ಲ — ಅದನ್ನೂ ಹೇಳಿಬಿಡುತ್ತೇನೆ. ಕೂಟದಲ್ಲಿ ನಾನು ಏನೇ ಹೇಳಿದರೂ, ಹೌದೇ ಎಂಬಂತೆ ಎಲ್ಲರೂ ಮೇಷ್ಟ್ರ ಮುಖ ನೋಡುತ್ತಿದ್ದರು. ಪದವಿ ಓದಿದವರು ಅವರು. ಅವರೆಂದೂ ನನ್ನನ್ನು ಕೀಳಾಗಿ ಕಂಡವರಲ್ಲ. ಆದರೂ ಆ ನೋಟಗಳು — ಒಂದೊಂದೂ ನನ್ನೊಳಗೆ ಕೂತಿದ್ದವು.

ಅದೇ ವಾರ ಅಧ್ಯಕ್ಷರು ಮನೆಗೆ ಬಂದರು. “ರಂಗಪ್ಪನೋರೇ, ಮೇಷ್ಟ್ರು ಏನೇ ಓದಿರ್ಲಿ, ಜನ ನಂಬೋದು ನಿಮ್ಮನ್ನ. ಅವತ್ತು ನೀವು ವೇದಿಕೆ ಮೇಲೇ ಕೂತ್ಕೋಬೇಕು” ಎಂದರು. ನಾನು ಬದುಕಿನಲ್ಲಿ ಯಾವ ವೇದಿಕೆಯನ್ನೂ ಹತ್ತಿದವನಲ್ಲ.

ಸಭೆಯಲ್ಲಿ ಮೂಲ ಪದ್ಧತಿ ಯಾವುದೆಂದು ನನ್ನನ್ನು ಕೇಳಿದರು. ನಾನು ಎದ್ದು ನಿಂತು ಹೇಳಿದ ಮಾತು ಇಷ್ಟೇ: “ಈ ಪೂಜೆ ಪುರಾತನ ಅನ್ನೋಕೆ ಆಧಾರ ಇಲ್ಲ. ಇದು ನನ್ನೊಬ್ಬನ ಮಾತಲ್ಲ, ನಂಜುಂಡಯ್ಯ ಮೇಷ್ಟ್ರೇ ಒಪ್ಕೊಂಡಿದಾರೆ.”

ಅದರಲ್ಲಿ ಸುಳ್ಳೆನ್ನಬಹುದಾದ ಒಂದು ಪದವೂ ಇರಲಿಲ್ಲ. ಅಷ್ಟು ಎಚ್ಚರದಿಂದ ಕತ್ತರಿಸಿದ್ದೆ.

ಮೇಷ್ಟ್ರು ಎದ್ದರು. “ನಾನು ಹೇಳಿದ್ದು ಅಷ್ಟೇ ಅಲ್ಲ…”

“ಹೇಳಿದ್ರಾ ಇಲ್ವಾ? ಅಷ್ಟು ಹೇಳಿ ಸಾರ್ ಸಾಕು!” ಹಿಂದಿನಿಂದ ಯಾರೋ ಕೂಗಿದರು.

“ಹೇಳಿದೆ, ಆದ್ರೆ —”

ಚಪ್ಪಾಳೆಯಲ್ಲಿ ಉಳಿದದ್ದು ಮುಳುಗಿತು. ಮೇಷ್ಟ್ರು ನನ್ನತ್ತ ನೋಡಿದರು. ಆಗ ನಾನು ಎದ್ದು ಉಳಿದರ್ಧವನ್ನು ಹೇಳಿದ್ದರೆ ಮುಗಿಯುತ್ತಿತ್ತು. ನಾನು ಮುಂದಿದ್ದ ನೀರಿನ ಬಾಟಲಿಯ ಮೇಲಿನ ಅಕ್ಷರಗಳನ್ನು ಓದುತ್ತ ಕುಳಿತೆ.

ಗುಡಿಯ ಪೂಜೆ ಚಿಕ್ಕತಾಯಮ್ಮನ ಕೈತಪ್ಪಿ ಅರ್ಚಕರ ಪಾಲಾಯಿತು. ಬೀದಿಯಲ್ಲಿ ಸಿಕ್ಕಾಗ ಆಕೆ ಅಳಲಿಲ್ಲ, ಶಪಿಸಲೂ ಇಲ್ಲ. “ನಂಗೆ ಮಂತ್ರ ಬರಾಕಿಲ್ಲ, ಸರಿ ಸ್ವಾಮಿ. ಆ ತಾಯ್ಗೆ ಬತ್ತದಾ?” ಎಂದಷ್ಟೇ ಕೇಳಿದಳು.

ಮೇಷ್ಟ್ರು ಕೂಟಕ್ಕೆ ಬರುವುದನ್ನು ಬಿಟ್ಟರು; ಅವರ ಹಿಂದೆ ಕೆಲವರು ಬಿಟ್ಟರು. ಕೂಟ ಒಡೆದದ್ದು ಹೀಗೆ. ಮೇಷ್ಟ್ರಿಗೇ ಸಂಪ್ರದಾಯದಲ್ಲಿ ನಂಬಿಕೆಯಿರಲಿಲ್ಲ ಎಂಬ ಮಾತು ಹಬ್ಬಿದ್ದೂ ನಾನು ಹೇಳಿದ ಆ ಅರ್ಧದಿಂದಲೇ. ಕೊನೆಯ ಸಲ ಅವರು ನನ್ನೊಡನೆ ಮಾತಾಡಿದ್ದು ಉದ್ಯಾನದ ಬಾಗಿಲಲ್ಲಿ: “ಸುಳ್ಳು ಹೇಳಿದ್ರೆ ತಡ್ಕೋತಿದ್ದೆ ರಂಗಪ್ಪ. ಅರ್ಧ ಹೇಳಿದ್ರಲ್ಲ.”

ಮುಂದಿನ ವರ್ಷ ಬೇವಿನ ಮರವನ್ನು ಕಡಿದು, ಕಲ್ಲನ್ನು ಕಿತ್ತು, ಕೆತ್ತಿಸಿದ ವಿಗ್ರಹ ನಿಲ್ಲಿಸುವ ಮಾತು ಬಂತು. ನಾನು ಓಡಿಹೋಗಿ ತಡೆಯಲು ನೋಡಿದೆ. ಕಲ್ಲಾದರೂ ಇರಲಿ ಎಂದು ಬೇಡಿದೆ. ಅಧ್ಯಕ್ಷರು ನಕ್ಕರು. “ಇದಕ್ಕೆಲ್ಲ ಆಧಾರ ಇಲ್ಲ ಅಂದಿದ್ದು ನೀವೇ ತಾನೇ ಸಾರ್? ಈಗ ಕಲ್ಲಿಗ್ಯಾಕೆ ಅಳ್ತೀರಾ?” ಕಲ್ಲು ಉಳಿಯಲಿಲ್ಲ. ಆ ದಿನ ಮನೆಗೆ ಬರುವ ದಾರಿಯುದ್ದಕ್ಕೂ ‘ದ್ರೋಹ, ದ್ರೋಹ’ ಎಂದುಕೊಂಡೆ. ನನ್ನ ಮಾತನ್ನು ಬಳಸಿಕೊಂಡು ನನ್ನನ್ನೇ ಕಡೆಗಣಿಸಿದರೆಂದು ಕಂಡಕಂಡವರಿಗೆ ಹೇಳಿಕೊಂಡು ತಿರುಗಿದೆ. ಎಷ್ಟು ವರ್ಷ ಹಿಡಿಯಿತು — ಆ ಪದವನ್ನು ನನ್ನ ಮೇಲೆ ಇಟ್ಟು ನೋಡಲು! ಅಧ್ಯಕ್ಷರು ತಮ್ಮ ನಂಬಿಕೆಗೆ ತಕ್ಕಂತೆ ನಡೆದರು. ತಾನು ನಂಬದ ಪಂಥಕ್ಕಾಗಿ ಮಾತಾಡಿದವನು ನಾನೊಬ್ಬನೇ.

ಮೇಷ್ಟ್ರ ಪಂಥವೇ ಪೂರ್ತಿ ಸರಿಯೆಂದು ಇಂದೂ ಹೇಳಲಾರೆ. ಹಿಂದಿನವರು ಕೈಗಿಟ್ಟದ್ದರಲ್ಲಿ ಅನ್ಯಾಯವೂ ಇರುತ್ತದೆ. ನನ್ನ ಅಜ್ಜನನ್ನು ಹೊರಗೇ ನಿಲ್ಲಿಸುತ್ತಿದ್ದ ಬಾಗಿಲುಗಳೂ ಪರಂಪರೆಯೇ ಆಗಿದ್ದವು. ‘ನಿಧಾನವಾಗಿ’ ಎಂಬ ಉತ್ತರ ನನಗೆ ಸಾಲದು. ಆದರೆ ಆ ಭಿನ್ನಾಭಿಪ್ರಾಯವನ್ನು ನಾನು ಮೇಷ್ಟ್ರ ಮುಖದೆದುರು ಇಡಲಿಲ್ಲ. ಅವರ ಮಾತನ್ನೇ ಕೊಯ್ದು ಅವರ ಎದುರಾಳಿಗಳ ಕೈಗೆ ಕೊಟ್ಟೆ.

ಈ ಭಾನುವಾರ ಇದನ್ನು ಉಳಿದಿರುವ ಕೂಟದಲ್ಲಿ, ಅಧ್ಯಕ್ಷರೆದುರೇ, ನಿಂತು ಓದುತ್ತೇನೆ. ಕೇಳಿದ ಮೇಲೆ ನನ್ನನ್ನು ನಂಬಬೇಡಿ. ನನ್ನನ್ನು ನಂಬಿಯೇ ಒಮ್ಮೆ ಎಲ್ಲರೂ ಕೆಟ್ಟಿದ್ದೇವೆ. ಮೇಷ್ಟ್ರು ಇನ್ನೂ ಇದ್ದಾರೆ — ಕೆಂಗೇರಿಯಲ್ಲಿ, ಮಗಳ ಮನೆಯಲ್ಲಿ. ಕಾಲು ಸೋತಿದೆ, ನೆನಪು ಸೋತಿಲ್ಲ ಎಂದು ಹೋಗಿ ಬಂದವರು ಹೇಳುತ್ತಾರೆ. ಬೆಳಗಿನ ಹೊತ್ತು ವರಾಂಡದಲ್ಲಿ ಕುಳಿತಿರುತ್ತಾರಂತೆ. ಅವರು ನನ್ನನ್ನು ಒಳಗೆ ಕರೆಯುತ್ತಾರೋ ಇಲ್ಲವೋ ನನಗೆ ಗೊತ್ತಿಲ್ಲ, ನಿಮ್ಮನ್ನು ಕರೆಯುತ್ತಾರೆ. ಹೋಗಿ ಕೇಳಿ. ಈಗ ಮಾತು ಬಹಳ ನಿಧಾನವಂತೆ — ಮುಗಿಯುವ ತನಕ ಏಳಬೇಡಿ.