ಕ-ಭಾಷೆ ತಿಳಿದ ಟಿವಿ

ಇದು ಯಾರೋ ಹೇಳಿದ್ದಲ್ಲ. ನ್ಯಾಮತಿಯ ನಮ್ಮ ಮನೆಯ ಹಾಲ್‌ನಲ್ಲಿ ನಾನು ಎದುರಿಗೆ ಕೂತಿದ್ದಾಗಲೇ ನಡೆದದ್ದು. ಮರೆತೆನೆನ್ನಲು ನೆಪವಿಲ್ಲ, ದಿನಾ ಡೈರಿ ಬರೆಯುವವಳು ನಾನು.

ಅಕ್ಕ ಜಗಳೂರಿನ ಗಂಡನ ಮನೆಯಿಂದ ಬಂದಿದ್ದಳು. ಬುಧವಾರ ಊಟವಾದ ಮೇಲೆ ಇಬ್ಬರೂ ಹೊಸ ಸ್ಮಾರ್ಟ್ ಟಿವಿಯ ಮುಂದೆ ಕೂತಿದ್ದೆವು. ಅಮ್ಮ ಅಡುಗೆಮನೆಯಲ್ಲಿದ್ದಳು. ಅವಳಿಗೆ ತಿಳಿಯಬಾರದೆಂದು ಅಕ್ಕ ನಮ್ಮ ಬಾಲ್ಯದ ಕ-ಭಾಷೆಯಲ್ಲಿ ಪಿಸುಗುಟ್ಟಿದಳು. ಪ್ರತಿ ಅಕ್ಷರದ ಮುಂದೆ ಒಂದು ‘ಕ’.

“ಕತಿಂಕಗಕಳು ಕನಿಂಕತೈಕತೆ...”

ತಿಂಗಳು ನಿಂತೈತೆ! ನಾನು ಅವಳ ಕೈ ಹಿಡಿದೆ. ಹಿಂದಿನ ಸಲ ಸುದ್ದಿ ಬೇಗ ಹಬ್ಬಿತ್ತು. ಗರ್ಭ ಹೋದಾಗ ಇಡೀ ಓಣಿಯೇ ಬಂದು ಕೆದಕಿ ಕೆದಕಿ ಕೇಳಿತ್ತು.

“ಈ ಸಲ ಮೂರು ತುಂಬೋವರೆಗೂ ಯಾರಿಗೂ ಹೇಳಬ್ಯಾಡ,” ಎಂದಳು, ಅದೂ ಕ-ಭಾಷೆಯಲ್ಲೇ.

ಟಿಣ್...

ಧಾರಾವಾಹಿ ತಾನಾಗಿಯೇ ನಿಂತಿತು. ಪರದೆಯ ತುಂಬ ತೊಟ್ಟಿಲುಗಳ ಜಾಹೀರಾತು. ಬಿಸಿ ಪ್ಲಾಸ್ಟಿಕ್ಕಿನ ವಾಸನೆ.

“ಫೋನಲ್ಲಿ ಏನಾರ ಹುಡುಕಿದ್ಯೇನೇ?”

“ಇಲ್ಲ ಕಣೇ. ಡಾಕ್ಟ್ರ ಹತ್ರಾನೂ ಹೋಗಿಲ್ಲ.”

“ಮತ್ತೆ ಇದಕ್ಕೆ ಕ-ಭಾಷೆ ಕಲಿಸಿದೋರು ಯಾರು?”

ಅಕ್ಕ ನಗಲಿಲ್ಲ. “ಭಾನುವಾರ ಅತ್ತೆ ಬರ್ತಾರೆ. ಅವರ ಮುಂದೂ ಹಿಂಗೇ ತೊಟ್ಟಿಲು ತೂಗಿದ್ರೆ?”

ನನಗೆ ಸಿಟ್ಟು ಬಂತು. ಅಲ್ಲೇ ಸೆಟ್ಟಿಂಗ್ಸ್ ತೆರೆದೆ. ಮೈಕ್ ಬಂದ್ ಮಾಡಿದೆ. ಅದು ಉಳಿಸಿಕೊಂಡಿದ್ದ ನಮ್ಮ ದನಿಗಳನ್ನೆಲ್ಲ ಅಳಿಸಿದೆ. ನಾವು ನೋಡಿದ್ದನ್ನು ಕಂಪನಿಗೆ ಕಳಿಸುವ ಅನುಮತಿ, ಜಾಹೀರಾತಿನ ಅನುಮತಿ, ಎರಡನ್ನೂ ಕಿತ್ತುಕೊಂಡೆ. ಕೊನೆಗೆ ವೈಫೈ ಕೂಡ ತೆಗೆದು, ಮೈಕಿನ ತೂತಿಗೆ ಟೇಪು ಬಡಿದೆ. ಒಂದೊಂದಕ್ಕೂ ಡೈರಿಯಲ್ಲಿ ಸರಿ ಗುರುತು ಹಾಕಿದೆ. ಒಂದೂ ಬಿಟ್ಟಿರಲಿಲ್ಲ.

ಗುರುವಾರ ರಾತ್ರಿ ಅಕ್ಕ ಟಿವಿಯ ಮುಂದೆ ಸೊಂಟದ ಮೇಲೆ ಕೈಯಿಟ್ಟು ನಿಂತಳು.

“ಈಗ ಕೇಳಿಸ್ಕ ನೋಡಾನ, ಚಾಡಿಕೋರ!”

ಟಿಣ್...

ಪರದೆ ಕಪ್ಪಾಯಿತು. ಒಳಗೆ ಯಾರೋ ಉಸಿರು ಹಿಡಿದಂಥ ಸಣ್ಣ ಸದ್ದು. ಆಮೇಲೆ ಬಿಳಿ ಅಕ್ಷರಗಳು, ಒಂದೊಂದಾಗಿ...

ಕಮೂಕರು ಕತುಂಕಬಿಕತಾ?

ಮೂರು ತುಂಬಿತಾ?

ಅಡುಗೆಮನೆಯಿಂದ ಅಮ್ಮ ಕೂಗಿದಳು: “ಯಾರೇ ಅದು, ಮಾತಾಡಿದ್ದು?”

ಅಕ್ಷರ ಮೂಡಿದಾಗಿನಿಂದ ನಾವಿಬ್ಬರೂ ತುಟಿ ಬಿಚ್ಚಿರಲಿಲ್ಲ.

ಅಕ್ಕ ಹಿಂದೆ ಸರಿಯಲಿಲ್ಲ. ಪರದೆಗೆ ಮುಖ ಕೊಟ್ಟು, ಅಮ್ಮನಿಗೆ ಕೇಳದಂತೆ ತಗ್ಗಿದ ದನಿಯಲ್ಲಿ ಹೇಳಿದಳು: “ಹೇಳಾದಿಲ್ಲ. ನನ್ನ ಹೊಟ್ಟೆ, ನನ್ನ ಸುದ್ದಿ. ನೀನ್ಯಾವನು ಕೇಳಾಕೆ?”

ನಾನು ಪ್ಲಗ್ ಕಿತ್ತೆ. ಅಕ್ಷರಗಳು ತಕ್ಷಣ ಹೋಗಲಿಲ್ಲ... ಸ್ವಲ್ಪ ಹೊತ್ತು ಕಾಯುವಂತೆ ನಿಂತು, ಆಮೇಲೆ ಆರಿದವು.

ಭಾನುವಾರ ಅತ್ತೆ ಬಂದರು. “ಟಿವಿ ಯಾಕ್ರವ್ವ ಗೋಡೆಗೆ ಮುಖ ಮಾಡೈತೆ?”

“ಮುನಿಸ್ಕಂಡೈತೆ ಅತ್ತೆ,” ಎಂದಳು ಅಕ್ಕ.

ಮುಂದೆ ತನಗೆ ಬೇಕಾದ ದಿನ, ತನ್ನ ಬಾಯಿಂದಲೇ ಅವಳು ಸುದ್ದಿ ಹೇಳಿದಳು. ಮಗುವಿಗೆ ಈಗ ಹಲ್ಲು ಬರುತ್ತಿದೆ.

ಆ ರಾತ್ರಿ ಕೇಳಿದ್ದು ಯಾರೆಂದು ನನಗೆ ಇಂದಿಗೂ ಗೊತ್ತಿಲ್ಲ. ಆದರೆ ಕೇಳಿದವನಿಗೂ ಉತ್ತರ ಸಿಕ್ಕಿಲ್ಲ.