ಗೋಡೆಯ ಆ ಕಡೆ ಗಂಡ

ಲೀಚಿಯಾಳಿಗೆ ಐವತ್ತೆಂಟನೆಯ ವಯಸ್ಸಿನಲ್ಲಿ ಮದುವೆಯಾಯಿತು. ಮೂವತ್ತನಾಲ್ಕು ವರ್ಷ ಬಂದರು ನಗರ ತ್ರಿಯೆಸ್ತೆಯ ಆಸ್ಪತ್ರೆಯ ಲಾಂಡ್ರಿಯಲ್ಲಿ ರೋಗಿಗಳ ಹೊದಿಕೆಗಳಿಗೆಲ್ಲ ಇಸ್ತ್ರಿ ಹಾಕಿದವಳು, ಮದುವೆಯ ಆಸೆಯನ್ನೂ ಮಡಚಿ ಎಲ್ಲೋ ತಳದಲ್ಲಿ ಇಟ್ಟುಬಿಟ್ಟಿದ್ದಳು. ಜನವರಿಯಲ್ಲಿ, ಗಾಳಿ ಜನರನ್ನು ಎತ್ತಿ ಎಸೆಯುವಂತೆ ಬೀಸುತ್ತಿದ್ದ ಒಂದು ದಿನ, ಬಂದರಿನಲ್ಲಿ ಕ್ರೇನ್ ನಡೆಸಿ ನಿವೃತ್ತನಾದ ಫುಲ್ವಿಯೊ ಅವಳನ್ನು ನಗರಸಭೆಗೆ ಕರೆದೊಯ್ದು ತನ್ನ ಹೆಸರಿನ ಪಕ್ಕದಲ್ಲಿ ರುಜು ಹಾಕಿಸಿದ. ಅವನ ಮೊದಲ ಹೆಂಡತಿ ಮಿರೆಲ್ಲಾ ತೀರಿಕೊಂಡು ಆಗಲೇ ಆರು ವರ್ಷವಾಗಿತ್ತು.

ಬೇಸಿಗೆ ಬಂದಿದ್ದೇ ತಡ, ಲೀಚಿಯಾಳ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಸಂಜೆಯಾದರೆ ಇಬ್ಬರೂ ಬಂದರಿನ ಉದ್ದನೆಯ ಕಲ್ಲುಕಟ್ಟೆಯ ತುದಿಯವರೆಗೆ ನಡೆದು ಕಾಲು ಇಳಿಬಿಟ್ಟು ಕೂರುವರು. ಭಾನುವಾರ ಗುಡ್ಡದ ಮೇಲಿನ ರೈತರ ಅಂಗಳಕ್ಕೆ ಹೋಗಿ, ಹೆಬ್ಬಾಗಿಲಿಗೆ ಸೊಪ್ಪಿನ ಕೊಂಬೆ ಕಟ್ಟಿದ್ದರೆ ಒಳಗೆ ಮನೆಯ ವೈನು ಸಿಗುತ್ತದೆಂದು ತಿಳಿದು, ಬೇಯಿಸಿದ ಮೊಟ್ಟೆಯ ಜೊತೆ ಅದನ್ನು ಕುಡಿದು, ನಗುತ್ತ ಬಸ್ಸು ತಪ್ಪಿಸಿಕೊಂಡು ನಡೆದೇ ಇಳಿಯುವರು. ಐಸ್‌ಕ್ರೀಮಿನ ಅಂಗಡಿಯಲ್ಲಿ “ನಮಗೆ ಎರಡು” ಎನ್ನುವಾಗ ಅವಳ ದನಿ ಅಗತ್ಯಕ್ಕಿಂತ ಜೋರಾಗಿಯೇ ಇರುತ್ತಿತ್ತು. ಇರಲಿ ಬಿಡಿ, ಕಾದು ಪಡೆದವರು ಸ್ವಲ್ಪ ಜೋರಾಗಿ ಹೇಳಿಕೊಳ್ಳುತ್ತಾರೆ.

ಉಳಿದಿದ್ದು ಸಮುದ್ರಸ್ನಾನ. ಕಷ್ಟ ಶುರುವಾಗಿದ್ದೇ ಅಲ್ಲಿ.

ಫುಲ್ವಿಯೊ ಬಾರ್ಕೊಲಾ ಕಡಲತೀರದವನು. ಅಲ್ಲಿ ದಂಡೆಯ ಉದ್ದಕ್ಕೂ ಗಂಡ ಹೆಂಡಿರು ಸಿಮೆಂಟಿನ ಮೇಲೆ ಅಕ್ಕಪಕ್ಕ ಮಲಗಿ ಬಿಸಿಲು ಕಾಯುತ್ತಾರೆ. ಮಿರೆಲ್ಲಾಳ ಜೊತೆ ಅವನು ಮೂವತ್ತು ಬೇಸಿಗೆ ಕಳೆದ ಜಾಗ ಅಲ್ಲೇ ಇತ್ತು. ಲೀಚಿಯಾ ಐದು ವರ್ಷದ ಕೂಸಾಗಿದ್ದಾಗಿನಿಂದ ಗೋಡೆ ಇರುವ ಕಡಲತೀರದವಳು. ಬೆಣಚುಕಲ್ಲಿನ ಆ ತೀರದ ನಡುವೆ ಆಳೆತ್ತರಕ್ಕೂ ಮೀರಿದ ಬಿಳಿ ಗೋಡೆ ನೀರಿನೊಳಗಿನವರೆಗೆ ಹೋಗಿದೆ. ಈ ಕಡೆ ಹೆಂಗಸರು, ಆ ಕಡೆ ಗಂಡಸರು. ಒಂದೇ ಬಸ್ಸಿನಲ್ಲಿ ಬಂದ ದಂಪತಿ ಬಾಗಿಲಲ್ಲಿ ಬೇರೆಯಾಗಿ ಸಂಜೆ ಅಲ್ಲೇ ಸೇರುತ್ತಾರೆ. ಈ ಗೋಡೆಯನ್ನು ಕೆಡವೋಣ ಎಂದವನು ಊರಿನ ಹೆಂಗಸರ ಬಾಯಿಗೆ ಬಿದ್ದು ಬದುಕುವುದು ಕಷ್ಟ.

“ನಿನ್ನ ಕಡಲಿಗೇ ಬರ್ತೀನಿ, ಒಂದಿನ ನೋಡೋಣ” ಎಂದಿದ್ದ ಫುಲ್ವಿಯೊ.

ಆ “ಒಂದಿನ” ಅವಳ ಎದೆಯಲ್ಲಿ ಮುಳ್ಳಾಗಿ ಕೂತಿತ್ತು. ಅವನಿಗೆ ಹಿಡಿಸದಿದ್ದರೆ ನಾಳೆಯಿಂದ ಬಾರ್ಕೊಲಾ. ಐವತ್ತು ವರ್ಷದಿಂದ ಜೊತೆಗಿದ್ದ ಗೆಳತಿಯರನ್ನು ಬಿಟ್ಟು, ಸತ್ತವಳ ಜಾಗದಲ್ಲಿ ತನ್ನ ಟವೆಲು ಹಾಸಬೇಕು. ಹಾಸುತ್ತೇನೆ ಎಂದು ಅವಳು ಒಳಗೊಳಗೇ ನಿರ್ಧರಿಸಿದ್ದಳು. ಆದರೆ ಹಾಗಾಗದಿರಲಿ ಎಂದು, ಇಬ್ಬರೂ ಹೊರಟ ಆ ಬೆಳಗ್ಗೆ ಬಸ್ಸಿನಲ್ಲಿ ಮೂರು ಸಲ ದೇವರಿಗೆ ಹೇಳಿಕೊಂಡಳು.

ಜೀವನದಲ್ಲಿ ಮೊದಲ ಬಾರಿಗೆ ಇಬ್ಬರ ಚೀಲ ತುಂಬಿದ್ದಳು. ಎರಡು ಟವೆಲು, ನಾಲ್ಕು ಪೀಚ್ ಹಣ್ಣು, ಕರಿದ ಮಾಂಸ ಇಟ್ಟ ನಾಲ್ಕು ಬ್ರೆಡ್ಡು, ಅವನ ಈಜುಚಡ್ಡಿ, ಟೋಪಿ. ದೊಡ್ಡದೊಂದು ಚೀಲ, ದಂಪತಿಯ ಚೀಲ. ಟಿಕೆಟ್ ಕೊಂಡರು. ಅವನು ಬಲಕ್ಕೆ ಹೋದ, ಅವಳು ಎಡಕ್ಕೆ. ಬಟ್ಟೆ ಬದಲಿಸಲು ಚೀಲಕ್ಕೆ ಕೈ ಹಾಕಿದಾಗಲೇ ಅವನ ಚಡ್ಡಿ ಕೈಗೆ ಬಂದಿದ್ದು.

“ಅಯ್ಯೋ ದೇವರೇ!”

“ಏನೇ ಹುಡುಗೀ?” ಎಂದಳು ಹಳೆಯ ಗೆಳತಿ ನೆರಿನಾ. ನೆರಿನಾಗೆ ಎಪ್ಪತ್ತಮೂರು. ಗೋಡೆಯ ಈ ಕಡೆ ಎಲ್ಲರೂ ಸಾಯುವವರೆಗೆ ಹುಡುಗಿಯರೇ.

“ಅವ್ನ ಚಡ್ಡಿ ನನ್ನ ಹತ್ರಾನೇ ಉಳೀತು. ಊಟಾನೂ!”

ನೆರಿನಾ ಹೊಟ್ಟೆ ಹಿಡಿದುಕೊಂಡು ನಕ್ಕಳು. “ಬನ್ರೇ, ಇಲ್ಲಿ ನೋಡ್ರೇ! ಒಂದೇ ಚೀಲ ತುಂಬ್ಕೊಂಡು ಬಂದವ್ಳೆ! ಹೊಸ ಮದ್ವಣಗಿತ್ತಿ ಬಿಟ್ರೆ ಇನ್ಯಾರು ಮಾಡ್ತಾರೆ ಈ ಕೆಲ್ಸಾನ? ನಾನಂತೂ ನಲವತ್ತು ವರ್ಷದಿಂದ ನಮ್ಮೋನ ಚೀಲ ಮುಟ್ಟಿಲ್ಲ.”

“ನಗೋದು ಆಮೇಲೆ. ಈಗೇನು ಮಾಡ್ಲಿ ಹೇಳು!”

“ಏನ್ ಮಾಡ್ತೀಯ, ಎಸಿ.” ನೆರಿನಾ ಗೋಡೆಯ ಬುಡಕ್ಕೆ ಹೋಗಿ ಸೊಂಟಕ್ಕೆ ಕೈಯಿಟ್ಟು ಕೂಗಿದಳು. “ಫುಲ್ವಿಯೊ!”

ಆ ಕಡೆಯಿಂದ ಎರಡು ದನಿಗಳು ಓಗೊಟ್ಟವು. “ಯಾವ ಫುಲ್ವಿಯೊ?”

“ಲೀಚಿಯಾ ಗಂಡ ಫುಲ್ವಿಯೊ! ಚಡ್ಡಿ ಇಲ್ದೆ ನಿಂತಿರೋನು!”

ಗೋಡೆಯ ಎರಡೂ ಬದಿ ನಗೆ ಸಿಡಿಯಿತು. ಲೀಚಿಯಾ ಮುಖ ಕೆಂಪು ಮಾಡಿಕೊಂಡು ಚಡ್ಡಿಯನ್ನು ಉಂಡೆ ಮಾಡಿ ಎಸೆದಳು. ಆಮೇಲೆ ಟವೆಲು, ಟೋಪಿ, ಕಾಗದದಲ್ಲಿ ಸುತ್ತಿದ ಎರಡು ಬ್ರೆಡ್ಡು. ಪೀಚ್ ಎಸೆಯುವಾಗ ಆ ಕಡೆ ಯಾರೋ “ಅಮ್ಮಾ!” ಎಂದರು.

“ಸಿಕ್ತಾ?” ಎಂದು ಕೂಗಿದಳು.

ಆ ಕಡೆಯ ನಗೆಯಲ್ಲಿ ಅವಳ ಕೂಗು ಮುಳುಗಿಹೋಯಿತು.

ಮುಂದಿನ ಎರಡು ಗಂಟೆ ಅವಳು ಬಿಸಿಲಿಗೆ ಬೆನ್ನು ಕೊಟ್ಟು ಮಲಗಿದ್ದಳೇ ಹೊರತು ಜೀವ ಗೋಡೆಯ ಮೇಲೇ ಇತ್ತು. ಮರ್ಯಾದೆ ಹೋಯಿತೆಂದು ಸಿಟ್ಟಾಗಿ ಮನೆಗೆ ಹೋದನೋ? ಗುರುತು ಪರಿಚಯವಿಲ್ಲದ ಗಂಡಸರ ನಡುವೆ ಒಬ್ಬನೇ ಮೂಲೆಯಲ್ಲಿ ಕೂತಿದ್ದಾನೋ? ನೆರಿನಾ ಹೇಳುತ್ತಿದ್ದ ಸೊಸೆಯ ಪುರಾಣಕ್ಕೆ “ಹೂಂ, ಹೂಂ” ಎನ್ನುತ್ತಿದ್ದಳು, ಒಂದಕ್ಷರವೂ ಕಿವಿಗೆ ಇಳಿಯುತ್ತಿರಲಿಲ್ಲ. ಕೊನೆಗೆ ತಡೆಯಲಾರದೆ ಎದ್ದಳು.

“ಎಲ್ಲಿಗೆ?”

“ನೀರಿಗೆ.”

“ಗೊತ್ತು ಗೊತ್ತು, ಯಾವ ನೀರಿಗೆ ಅಂತ. ಹೋಗು!”

ಗೋಡೆ ಮುಗಿಯುವಲ್ಲಿಂದ ಮುಂದೆ ಹಗ್ಗಕ್ಕೆ ಕಟ್ಟಿದ ತೇಲುಗುಂಡುಗಳ ಸಾಲು ಶುರುವಾಗುತ್ತದೆ. ಲೀಚಿಯಾ ಉಸಿರು ಕಟ್ಟಿ ಅಲ್ಲಿಯವರೆಗೆ ಈಜಿ, ಒಂದು ಗುಂಡನ್ನು ತಬ್ಬಿಕೊಂಡು ಆ ಕಡೆ ಇಣುಕಿದಳು. ದಡದಲ್ಲಿ ಬೋಳುತಲೆ, ಬೊಜ್ಜುಹೊಟ್ಟೆಗಳ ಸಂತೆ. ಅದರ ನಡುವೆ ನಾಲ್ಕು ಜನ ಕಲ್ಲಿನ ಮೇಲೆ ಇಸ್ಪೀಟು ಬಡಿಯುತ್ತಿದ್ದರು. ಅವರಲ್ಲೊಬ್ಬ ಅವಳು ಕೊಟ್ಟ ಟೋಪಿ ಹಾಕಿಕೊಂಡಿದ್ದ.

“ಫುಲ್ವಿಯೊ!”

ಅವನು ಎಲೆಗಳನ್ನು ಪಕ್ಕದವನ ಕೈಗೆ ತುರುಕಿ ನೀರಿಗಿಳಿದ. ಹಗ್ಗದ ಆ ಬದಿಗೆ ಬಂದು ಏದುಸಿರು ಬಿಡುತ್ತ ನೇತುಬಿದ್ದ.

“ಏನಾಯ್ತೇ? ನಾನು ಗೆಲ್ತಾ ಇದ್ದೆ!”

“ಏನಿಲ್ಲ. ನಿಂಗೆ ಇಲ್ಲಿ ಹಿಡಿಸ್ಲಿಲ್ಲ ಅಂದ್ರೆ ಈಗ್ಲೇ ಹೇಳ್ಬಿಡು. ಬಾರ್ಕೊಲಾಕ್ಕೇ ಹೋಗೋಣ. ನಂಗೇನೂ ಬೇಜಾರಿಲ್ಲ.” ಅಷ್ಟು ದೊಡ್ಡ ಸುಳ್ಳನ್ನು ಅವಳು ಹುಟ್ಟಿದಾಗಿನಿಂದ ಹೇಳಿರಲಿಲ್ಲ.

ಫುಲ್ವಿಯೊ ಮುಖದ ಉಪ್ಪುನೀರು ಒರೆಸಿಕೊಂಡ.

“ಬಾರ್ಕೊಲಾದಲ್ಲಿ ಆರು ವರ್ಷದಿಂದ ನಾನು ಯಾರು ಗೊತ್ತಾ? ಪಾಪ, ಮಿರೆಲ್ಲಾನ ಕಳ್ಕೊಂಡೋನು. ನಾನು ಬಂದ್ರೆ ಮಾತು ನಿಲ್ಸೋರು. ಐಸ್‌ಕ್ರೀಮ್ ತಿಂದ್ರೂ ಪಾಪ ಅನ್ನೋರು. ಇಲ್ಲಿ ನಿನ್ನ ಪೀಚ್ ಹಣ್ಣು ಒಬ್ಬನ ಬೋಳುತಲೆಗೆ ಬಿತ್ತು, ಚಡ್ಡಿ ಇನ್ನೊಬ್ಬನ ಕಾಫಿ ಮೇಲೆ. ಆಗ್ಲಿಂದ ನನ್ನ ಹೆಸರೇ ಯಾರಿಗೂ ಬೇಡ. ‘ಏ ಲೀಚಿಯಾ ಗಂಡ, ಎಲೆ ಹಾಕಯ್ಯ. ಏ ಲೀಚಿಯಾ ಗಂಡ, ಬ್ರೆಡ್ಡಲ್ಲಿ ಒಂದ್ ತುಂಡು ಕೊಡು.’ ಬೆಳಗ್ಗಿಂದ ನಾನು ಅಷ್ಟೇ, ಲೀಚಿಯಾ ಗಂಡ.”

ನಗುತ್ತಿದ್ದೇನೋ ಅಳುತ್ತಿದ್ದೇನೋ ಲೀಚಿಯಾಳಿಗೇ ತಿಳಿಯಲಿಲ್ಲ. ಸಮುದ್ರದಲ್ಲಿ ಕಣ್ಣೀರನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲವಾದ್ದರಿಂದ ಎರಡನ್ನೂ ಮಾಡಿದಳು.

“ಮತ್ತೆ ನಾಳೆ?” ಎಂದಳು.

“ನಾಳೆ ಬಾರದಿದ್ರೆ ಅವ್ರು ನನ್ನ ಬಿಡ್ತಾರಾ? ಸೋತೋರು ಅವ್ರು!”

ದಡದಿಂದ ಸೀಟಿ ಕೇಳಿಸಿತು. ಜೀವರಕ್ಷಕ ಕೈಬೀಸುತ್ತ ಕೂಗುತ್ತಿದ್ದ. “ಅಲ್ಲೇನು ಮಾಡ್ತಿದೀರಾ ಮೇಡಂ? ಆ ಗಂಡಸು ಯಾರು?”

“ನನ್ನ ಗಂಡ!” ಎಂದು ಲೀಚಿಯಾ ಇರುವ ಉಸಿರನ್ನೆಲ್ಲ ಸೇರಿಸಿ ಕೂಗಿದಳು. ಗೋಡೆಯ ಎರಡೂ ಬದಿಯ ತೀರ ತಿರುಗಿ ನೋಡಿತು. ಮತ್ತೆ ಯಾರೂ ಏನೂ ಕೇಳಿರಲಿಲ್ಲ, ಆದರೂ ಅವಳು ಇನ್ನೊಂದು ಸಲ ಕೂಗಿದಳು.